ಕೈಗೆ ಹತ್ತದ ಗಂಟು

ಹಿಂಗಾರಿ ಜೋಳ ಕೊಯ್ಲಿಗೆ ಬಂದ ಕಾಲ, ಬೆಳಗಿನ ಏಳು ಗಂಟೆ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಗ್ಗಗಳ ಸಪ್ಪಳ ಆಗಲೇ ಶುರುವಾಗಿತ್ತು. ಅಲ್ಲಾಸಾಬನ ಹೆಂಡತಿ ರೋಷನಬಿ ನೀರಿನ ಕೊಡ ಎತ್ತುವಾಗ ಸೆರಗು ಜಾರಿತು. ಕೊರಳಿನ ಬಲಕ್ಕೆ ಸಣ್ಣ ಲಿಂಬೆಕಾಯಿಯಷ್ಟು ಗಂಟು. ಎದುರು ಮನೆಯ ವರದಾಬಾಯಿಗೆ ಅದು ಕಂಡಿತು. ಅವರು ಮೂವತ್ತು ವರ್ಷ ದವಾಖಾನೆಯಲ್ಲಿ ನರ್ಸ್ ಆಗಿದ್ದವರು.

"ಇದು ಯಾವಾಗಿಂದ ಅದ, ರೋಷನಬಿ?"

"ವರ್ಷ ಆತ್ರಿ ಅಕ್ಕಾರ. ನಮ್ಮನಿಯವರು ಮುಟ್ಟಿ ನೋಡಿ ಏನೂ ಇಲ್ಲ ಅಂದಾರ."

"ಅವರು ಯಾವಾಗ ಡಾಕ್ಟರ್ ಆದ್ರು?"

ಒಳಗೆ ಮಗ್ಗ ನಿಂತಿತು. ಅಲ್ಲಾಸಾಬ ಹೊರಗೆ ಬಂದ. ಅವನ ಅಂಗೈ ಓಣಿಗೆಲ್ಲ ಹೆಸರುವಾಸಿ. ಮಗ್ಗದಿಂದ ಸೀರೆ ಇಳಿಸಿದ ಮೇಲೆ ಕಣ್ಣು ಮುಚ್ಚಿ ಕೈಯಾಡಿಸಿ, ಎಲ್ಲಿ ಎಳೆ ತೊಡಕಾಗಿದೆ ಎಂದು ಹೇಳುತ್ತಿದ್ದ. ಅದೇ ಕೈಯಿಂದ ಹೆಂಡತಿಯ ಕೊರಳನ್ನೂ ಪರೀಕ್ಷೆ ಮಾಡಿದ್ದ.

"ಮೆತ್ತಗದರಿ ಅಕ್ಕಾರ. ಒತ್ತಿದ್ರೂ ನೋಯಂಗಿಲ್ಲ. ಕೆಟ್ಟದ್ದಿದ್ರ ನೋಯತಿತ್ತಿಲ್ಲ?"

"ಕೆಟ್ಟ ಗಂಟು ಮೊದಮೊದಲು ನೋಯೂದ ಕಡಿಮಿ, ಅಣ್ಣಾ. ನಿನ್ನ ಕೈ ಸೀರಿಗೆ ಛಲೋ. ಕೊರಳಿನೊಳಗಿನ ಥೈರಾಯ್ಡ್ ಗ್ರಂಥಿಗಲ್ಲ. ಸ್ಕ್ಯಾನಿಂಗ್ ಮಾಡಸೂದ ಬೇಕು."

ರೋಷನಬಿಯ ಅಂಜಿಕೆ ಬೇರೆಯೇ ಇತ್ತು. "ಸ್ಕ್ಯಾನಿಂಗ್‌ಗೆ ಹೋದ್ರ ಕೊರಳ ಕೊಯ್ತಾರಂತ, ದನಿ ಹೋಗತದಂತರಿ."

"ಯಾರ ಹೇಳಿದ್ರವ್ವಾ ನಿನಗ? ಅದರಾಗ ಕೊಯ್ಯೂದೂ ಇಲ್ಲ, ಚುಚ್ಚೂದೂ ಇಲ್ಲ. ತಣ್ಣನ್ನ ಜೆಲ್ ಹಚ್ಚಿ ಮ್ಯಾಲ ಮಶೀನ ಆಡಸ್ತಾರ, ಅಷ್ಟ. ನಾನೂ ಬರ್ತೇನಿ, ನಡಿ."

ಮರುದಿನ ಮೂವರೂ ಬಾಗಲಕೋಟೆಯ ವಿದ್ಯಾಗಿರಿಯ ದವಾಖಾನೆಗೆ ಹೋದರು. ಸ್ಕ್ಯಾನಿಂಗ್ ಡಾಕ್ಟರ್ ಖುಶನುಮಾ ಪರದೆಯನ್ನು ಅವರ ಕಡೆ ತಿರುಗಿಸಿದರು.

"ಇದು ನಿಮಗ ಕಾಣೂ ದೊಡ್ಡ ಗಂಟು. ಸ್ಪಂಜಿನಂಗ ತೂತು ತೂತು ಅದ, ಒಳಗ ನೀರು. ಅಂಚು ಸಾಫ್. ಇಂಥದ್ದರಾಗ ಕ್ಯಾನ್ಸರ್ ಇರೂದು ಭಾಳ ಅಪರೂಪ."

"ನಾ ಹೇಳಿದ್ದಿಲ್ಲ?" ಎಂದು ಅಲ್ಲಾಸಾಬ ಮೀಸೆ ನೇವರಿಸಿಕೊಂಡ.

ಡಾಕ್ಟರ ಕೈ ಕೊರಳಿನ ಎಡಕ್ಕೆ ಸರಿದು ಅಲ್ಲೇ ನಿಂತಿತು. ಶೇಂಗಾ ಕಾಳಿನಷ್ಟು ಇನ್ನೊಂದು ಗಂಟು.

"ಇದು ಆಳದಾಗ ಅದ, ಕೈಗೆ ಹತ್ತೂದಿಲ್ಲ. ಕಪ್ಪಗದ, ಗಟ್ಟಿ ಅದ. ಅಗಲಕ್ಕಿಂತ ಎತ್ತರ ಹೆಚ್ಚದ. ಅಂಚು ನೋಡ್ರಿ."

ಅಲ್ಲಾಸಾಬ ಕುರ್ಚಿಯಿಂದ ಎದ್ದೇ ಬಿಟ್ಟ. ಪರದೆಯ ಹತ್ತಿರ ಬಾಗಿದ. "ಅಂಚು ಹರಕ ಹರಕ ಅದರಿ. ಒಳಗ ಸಣ್ಣ ಬಿಳಿ ಚುಕ್ಕಿ ಅವ."

"ಬರೋಬ್ಬರಿ ನೋಡಿದ್ರಿ. ಇಂಥ ಗುರುತು ಕೂಡಿದಷ್ಟೂ ಸಂಶಯ ಹೆಚ್ಚು. ಆದ್ರ ಚಿತ್ರ ಸಂಶಯ ಅಷ್ಟ ಹೇಳತದ. ಖಾತ್ರಿ ಮಾಡಾಕ ಸೂಜಿ ಪರೀಕ್ಷೆ ಬೇಕು."

ದೊಡ್ಡದನ್ನು ಬಿಟ್ಟು ಸಣ್ಣದಕ್ಕೇ ಸೂಜಿ ಹಾಕಿದರು. ವಾರದ ಮೇಲೆ ವರದಿ ಬಂತು: ಕ್ಯಾನ್ಸರ್. ಅಲ್ಲಾಸಾಬ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತ ಕುಳಿತ. ಆದರೆ ಡಾಕ್ಟರು ಹೇಳಿದ ಮಾತು ಕೇಳಿ ಮೂವರಿಗೂ ಜೀವ ಬಂದಂತಾಯಿತು. ಗಂಟು ಇನ್ನೂ ಗ್ರಂಥಿಯೊಳಗೇ ಇದೆ, ಎಲ್ಲೂ ಹಬ್ಬಿಲ್ಲ, ಈಗಲೇ ತೆಗೆದರೆ ಗುಣವಾಗುವ ಭರವಸೆ ಭಾಳ.

ಆಪರೇಷನ್ ಆಯಿತು. ರೋಷನಬಿ ಕಣ್ಣು ತೆರೆದಳು. ಗಂಡ ಅವಳ ಬಾಯಿಯನ್ನೇ ನೋಡುತ್ತಿದ್ದ.

"ಏನ ಹಂಗ ನೋಡ್ತೀರಿ? ಚಹಾ ಸಿಗತದೇನ ಇಲ್ಲಿ?"

ಗಂಟಲು ತುಸು ಕಟ್ಟಿತ್ತು, ಆದರೆ ದನಿ ಅವಳದೇ. ಅಲ್ಲಾಸಾಬ ಅಳುತ್ತ ನಗುತ್ತ ಚಹಾದ ಅಂಗಡಿ ಹುಡುಕಿಕೊಂಡು ಓಡಿದ. ಮೊದಲ ಗುಟುಕು ಕೊಡುವ ಮುಂಚೆ ಡಾಕ್ಟರನ್ನು ಕೇಳಬೇಕು ಎಂದು ವರದಾಬಾಯಿ ಹಿಂದಿನಿಂದ ಕೂಗಿದ್ದು ಅವನಿಗೆ ಕೇಳಿಸಲೇ ಇಲ್ಲ.

ಅವ್ವಂದಿರೇ, ಅಣ್ಣಂದಿರೇ, ಕೊರಳಲ್ಲಿ ಗಂಟು ಕಂಡರೆ ಎಲ್ಲವೂ ಕ್ಯಾನ್ಸರ್ ಎಂದು ಎದೆಗುಂದಬೇಡಿರಿ, ಹೆಚ್ಚಿನವು ಅಲ್ಲ. ನೋವಿಲ್ಲ, ಸಣ್ಣದಿದೆ ಎಂದು ಮುಚ್ಚಿಕೊಂಡೂ ಕೂಡಬೇಡಿರಿ. ಒಳ್ಳೆಯದೋ ಕೆಟ್ಟದ್ದೋ ಎಂಬ ಸುಳಿವು ಅದರ ಒಳರೂಪದಲ್ಲಿದೆ, ಅದು ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ. ಇಂದೇ ನಿಮ್ಮೂರ ದವಾಖಾನೆಗೆ ಹೋಗಿ ತೋರಿಸಿರಿ. ಅಲ್ಲಾಸಾಬನ ಅಕ್ಕ ನರ್ಗೀಸಳ ಕೊರಳಲ್ಲೂ ಒಂದು ಗಂಟಿದೆ. ಈ ಸಲ ಅವನು ಕೈಯಿಟ್ಟು ನೋಡಲಿಲ್ಲ. ಮೊನ್ನೆ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಅಕ್ಕನನ್ನು ಕರೆದುಕೊಂಡು ಬಾಗಲಕೋಟೆಗೆ ಹೋದ.