ಮಧ್ಯಾಹ್ನದ ಬಸ್ಸಿಗಾಗಿ ಇಳಿದವರು

ನಮ್ಮ ದ್ವೀಪದಲ್ಲಿ ಬೆಟ್ಟದ ಮೇಲಿನ ಊರು ಪೆತ್ರಾನಿಯಿಂದ ಲಿಮ್ನಾರಿಯ ಕಡಲತೀರಕ್ಕೆ ಬಸ್ಸಿನಲ್ಲಿ ಐವತ್ತು ನಿಮಿಷ. ಹಳೆಯ ಕಲ್ಲುಹಾಸಿನ ದಾರಿಯಲ್ಲಿ ನಡೆದು ಇಳಿದರೆ ಎರಡೂವರೆ ಗಂಟೆ. ಹತ್ತುವ ಮಾತು ಈಗ ಯಾರೂ ಆಡುವುದಿಲ್ಲ. ನಾನು ಹೇಸರಗತ್ತೆ ಹೊಡೆದುಕೊಂಡು ಮೂವತ್ತು ವರ್ಷ ಆ ದಾರಿಯಲ್ಲಿ ಹತ್ತಿ ಇಳಿದವನು. ಡಾಂಬರು ರಸ್ತೆ ಬಂದಾಗ ಕತ್ತೆಗಳನ್ನು ಮಾರಿದೆ. ಅಲ್ಲಿಂದ ಮುಂದೆ ಬಹಳ ಕಾಲ ದಾರಿಯಲ್ಲಿ ಆಡುಗಳು ಮಾತ್ರ ಓಡಾಡುತ್ತಿದ್ದವು.

ಹೊರಗಿನವರು ಬರತೊಡಗಿದ್ದು ಯಾವ ವರ್ಷವೆಂದು ನೆನಪಿದೆ. ಮರೂಸೊಳ ಗಂಡ ಸತ್ತ ವರ್ಷ. ಬೆನ್ನಿಗೆ ಚೀಲ, ಕೈಗೆ ಎರಡೆರಡು ಕೋಲು, ತಲೆಗೆ ಟೋಪಿ. ಮಧ್ಯಾಹ್ನದ ಬಸ್ಸಿನಲ್ಲಿ ಮೇಲಕ್ಕೆ ಬರುವರು, ಮರೂಸೊಳ ಕಾಫಿ ಅಂಗಡಿಯಲ್ಲಿ ಕೂತು ಆಲೂಗಡ್ಡೆ ಹಾಕಿದ ಮೊಟ್ಟೆ ದೋಸೆ ತಿನ್ನುವರು, ದಾರಿ ಕೇಳಿ ಇಳಿದು ಹೋಗುವರು. ಕೆಳಗೆ ಲಿಮ್ನಾರಿಯಲ್ಲಿ ಸಂಜೆಯ ಬಸ್ಸು ಹಿಡಿದು ಪಟ್ಟಣಕ್ಕೆ. ಬಾಡಿಗೆ ಕಾರಿನಲ್ಲಿ ಬಂದವರು ನಡೆಯುವುದಿಲ್ಲ. ಕಾರು ಮೇಲೆ ಉಳಿಯುತ್ತದಲ್ಲ, ಅದಕ್ಕಾಗಿ ಮತ್ತೆ ಬೆಟ್ಟ ಹತ್ತಬೇಕು. ಅವರು ಒಂದು ಫೋಟೋ ಹೊಡೆದು ಕಾರಿನಿಂದ ಇಳಿಯದೆಯೇ ತಿರುಗಿ ಹೋಗುತ್ತಾರೆ. ಹಾಗಾಗಿ ಮರೂಸೊಳ ಅಂಗಡಿ ನಡೆಯುವುದೇ ಆ ಬಸ್ಸಿನ ಮೇಲೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದುಡಿದದ್ದರಲ್ಲಿ ಅವಳ ಚಳಿಗಾಲ ಕಳೆಯಬೇಕು.

ಎರಡು ವರ್ಷದ ಹಿಂದೆ ಫೆಬ್ರವರಿಯ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿಗಳು ಒಂದು ಕಾಗದ ಓದಿದರು. ಬಸ್ ಕಚೇರಿಯಿಂದ ಬಂದದ್ದು. ಸೋಮವಾರದಿಂದ ಶನಿವಾರದವರೆಗೆ ಮಧ್ಯಾಹ್ನದ ಬಸ್ಸಿನ ಪ್ರಯಾಣಿಕರನ್ನು ಎಣಿಸುತ್ತಾರೆ. ಆರು ದಿನಕ್ಕೆ ಮೂವತ್ತಾರು ಜನ ಆಗದಿದ್ದರೆ ಆ ಬಸ್ಸು ನಿಲ್ಲುತ್ತದೆ.

"ಫೆಬ್ರವರಿಯಲ್ಲಿ ಎಣಿಸ್ತಾರಂತೆ," ಎಂದ ಪ್ರೊಕೋಪಿಸ್. ಅವನು ನನ್ನ ಓರಗೆಯವನು, ಹೊಟ್ಟೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. "ಆಗಸ್ಟಲ್ಲಿ ಬಂದು ಎಣಿಸಲಿ ನೋಡೋಣ. ಬಾಗಿಲಲ್ಲಿ ನೇತಾಡ್ಕೊಂಡು ಬರ್ತಾರೆ ಜನ."

ಎಲ್ಲರೂ ಮರೂಸೊಳ ಅಂಗಡಿಗೆ ಹೋದೆವು. ಅವಳು ಲೋಟ ಒರೆಸುತ್ತಿದ್ದಳು.

"ಬಸ್ಸು ನಿಂತರೆ ನಾನು ದ್ವೀಪ ಬಿಟ್ಟು ಪಿರೇಯಸ್ಸಿಗೆ ಹೋಗ್ತೀನಿ, ತಂಗಿ ಮನೆಗೆ," ಎಂದಳು. "ಅವಳ ಮನೇಲಿ ಬಾಲ್ಕನೀಲಿ ಮಡಚೋ ಮಂಚ ಹಾಕ್ತಾರಂತೆ ನಂಗೆ."

ಅಷ್ಟೇ ಹೇಳಿದ್ದು. ಮತ್ತೆ ಆ ಮಾತು ಎತ್ತಲಿಲ್ಲ.

ಚಳಿಗಾಲದಲ್ಲಿ ನಮ್ಮೂರಿನಲ್ಲಿ ಇರುವವರು ಮೂವತ್ತೊಂದು ಜನ. ಬಸ್ಸು ತುಂಬಿಸುವುದು ನಮ್ಮ ಕೈಯಲ್ಲೇ ಇದೆ ಎಂದುಕೊಂಡೆವು. ಆದರೆ ಮಧ್ಯಾಹ್ನದ ಬಸ್ಸು ಕೆಳಗಿನಿಂದ ಮೇಲಕ್ಕೆ ಬರುವ ಬಸ್ಸು. ಅದನ್ನು ಹತ್ತಬೇಕಾದರೆ ಮೊದಲು ಕೆಳಗಿರಬೇಕು. ಬೆಳಗಿನ ಆರರ ಬಸ್ಸಿನಲ್ಲಿ ಇಳಿಯಬಹುದಿತ್ತು. ಅದಕ್ಕೆ ಒಪ್ಪದವಳು ಕಲ್ಲಿಯೋಪಿ, ನಮ್ಮೆಲ್ಲರಿಗಿಂತ ಹಿರಿಯಳು.

"ಐದು ಗಂಟೆ ಹೊತ್ತು ಲಿಮ್ನಾರಿಯೋರ ಮುಖ ನೋಡ್ಕೊಂಡು ಕೂರೋದಾ? ನನ್ನ ಮಂಡಿ ಬೇಕಾದ್ರೆ ಮುರೀಲಿ. ನಾನು ನಡ್ದೇ ಇಳೀತೀನಿ."

"ಅಕ್ಕಾ, ನಿಂಗೆ ಎಂಬತ್ತೊಂದು," ಎಂದೆ.

"ನೀನೇನು ನನ್ನ ಕತ್ತೆ ಮೇಲೆ ಹೊತ್ಕೊಂಡು ಹೋಗ್ತೀಯಾ? ಕತ್ತೆ ಮಾರ್ಕೊಂಡು ಕೂತಿದ್ದೀಯ."

ಹೀಗೆ ನಡೆದು ಇಳಿಯುವುದೆಂದು ತೀರ್ಮಾನವಾಯಿತು. ದಿನಕ್ಕೆ ಎಂಟು ಜನ. ಮರೂಸೊ ತಾನೂ ಬರುವೆನೆಂದಳು. ಬೇಡವೆಂದೆವು. ಮೇಲೆ ಬಂದಾಗ ಕಾಫಿ ಬಿಸಿಯಾಗಿರಲಿ, ನೀನು ಒಲೆ ನೋಡಿಕೋ ಎಂದೆವು.

ಇನ್ನೊಂದು ಮಾತೂ ಆಯಿತು. ಯಾಕುಮಿಸ್‌ಗೆ ಹೇಳುವುದು ಬೇಡ. ಯಾಕುಮಿಸ್ ಬಸ್ಸಿನ ಚಾಲಕ. ಇಪ್ಪತ್ತೆರಡು ವರ್ಷದಿಂದ ಅದೇ ಬಸ್ಸು, ಅವನೇ ಚಾಲಕ, ಟಿಕೆಟ್ ಹರಿಯುವವನೂ ಅವನೇ. ಸುಳ್ಳು ಅವನಿಗೆ ಬರುವುದಿಲ್ಲ. ಕಚೇರಿಯವರು ಏನಾದರೂ ಕೇಳಿದರೆ ಕಿವಿಯ ತನಕ ಕೆಂಪಾಗಿ ಎಲ್ಲ ಒಪ್ಪಿಸಿಬಿಡುತ್ತಾನೆ. ಅವನನ್ನು ಕಷ್ಟಕ್ಕೆ ಸಿಕ್ಕಿಸುವುದು ಬೇಡ ಎಂದವನು ನಾನೇ.

ಸೋಮವಾರ ಒಂಬತ್ತಕ್ಕೆ ಹೊರಟೆವು. ಮೊದಲ ಅರ್ಧ ಗಂಟೆ ದಾರಿ ಚೆನ್ನಾಗಿದೆ, ಹಾಸುಗಲ್ಲು ಕದಲಿಲ್ಲ. ಸಂತ ಮಾಮಾಸನ ಗುಡಿ ದಾಟಿದ ಮೇಲೆ ಹಳ್ಳದ ಬದಿಗೆ ಇಳಿಜಾರು. ಅಲ್ಲಿ ಪ್ರೊಕೋಪಿಸ್ ಹಿಮ್ಮುಖವಾಗಿ ನಡೆದ, ಮಂಡಿಗೆ ಹಾಗೆ ಹಿತವಂತೆ. ಕಲ್ಲಿಯೋಪಿ ದಾರಿಯುದ್ದಕ್ಕೂ ಸೊಪ್ಪು ಕಿತ್ತು ಮಡಿಲಿಗೆ ಹಾಕಿಕೊಂಡಳು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಲಿಮ್ನಾರಿಯ ಬಸ್ ನಿಲ್ದಾಣದಲ್ಲಿ ಸಾಲಾಗಿ ನಿಂತೆವು.

ಯಾಕುಮಿಸ್ ಬಾಗಿಲು ತೆರೆದು ನಮ್ಮನ್ನು ನೋಡಿದ.

"ಏನು ಬೀಗರೇ, ಯಾರಾದ್ರೂ ಹೋಗ್ಬಿಟ್ರಾ?"

"ಯಾರೂ ಹೋಗಿಲ್ಲ. ನಡೀಬೇಕು ಅಂತ ಡಾಕ್ಟ್ರು ಹೇಳಿದಾರೆ."

"ಎಂಟೂ ಜನಕ್ಕಾ?"

"ಎಂಟೂ ಜನಕ್ಕೆ ಒಬ್ರೇ ಡಾಕ್ಟ್ರು," ಎಂದ ಪ್ರೊಕೋಪಿಸ್, ಮೊದಲ ಸೀಟಿನಲ್ಲಿ ಕೂರುತ್ತಾ.

ಯಾಕುಮಿಸ್ ನಕ್ಕ. ನಾನು ಜೇಬಿಗೆ ಕೈ ಹಾಕಿದೆ. ಅವನು ಎಂದಿನಂತೆ ಎದೆಯ ಮೇಲೆ ಅಂಗೈ ಇಟ್ಟು ತಲೆ ಹಿಂದಕ್ಕೆ ಎತ್ತಿದ. ಹಾಗೆಂದರೆ ಬೇಡ ಎಂದು. ನಾನೂ ಎಂದಿನಂತೆ ಕೈ ಹೊರಗೆ ತೆಗೆದೆ.

ಇದನ್ನು ಹೇಳಬೇಕು. ಮಗುವನ್ನು ಚರ್ಚಿನಲ್ಲಿ ನೀರಿಗಿಳಿಸಿ ಹೆಸರಿಟ್ಟವನು ಆ ಮಗುವಿನ ತಂದೆಗೆ ಬೀಗ. ರಕ್ತದ ನೆಂಟಸ್ತಿಕೆಗಿಂತ ನಮ್ಮಲ್ಲಿ ಇದು ಹೆಚ್ಚು. ಯಾಕುಮಿಸ್‌ನ ಮಗಳನ್ನು ನೀರಿಗಿಳಿಸಿದವನು ನಾನು. ಪ್ರೊಕೋಪಿಸ್‌ನ ಮೊಮ್ಮಗನನ್ನು ಇಳಿಸಿದವನು ಯಾಕುಮಿಸ್. ಅವನ ಹೆಂಡತಿ ಕಲ್ಲಿಯೋಪಿಯ ತಮ್ಮನ ಮಗಳಿಗೆ ಹೆಸರಿಟ್ಟವಳು. ಹೀಗೆ ಊರಿಗೆ ಊರೇ ಅವನಿಗೆ ಬೀಗರು. ಬೀಗರಿಂದ ಟಿಕೆಟ್ಟಿನ ದುಡ್ಡು ತೆಗೆದುಕೊಳ್ಳುವ ಚಾಲಕ ನಮ್ಮ ದ್ವೀಪದಲ್ಲಿ ತಲೆ ಎತ್ತಿ ತಿರುಗಲಾರ. ಇಪ್ಪತ್ತೆರಡು ವರ್ಷದಲ್ಲಿ ಅವನ ಬಸ್ಸಿನ ಟಿಕೆಟ್ ಹೇಗಿರುತ್ತದೆಂದು ನಾನು ನೋಡಿರಲಿಲ್ಲ.

ಮಂಗಳವಾರ, ಬುಧವಾರ ಹಾಗೆಯೇ ಆಯಿತು. ಬುಧವಾರ ಬಸ್ಸಿನಲ್ಲಿ ಮಳೆಕೋಟು ಹಾಕಿದ ಒಬ್ಬ ಅಪರಿಚಿತನಿದ್ದ, ಚಿಕ್ಕ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದ.

"ಅವನೇ," ಎಂದು ಪ್ರೊಕೋಪಿಸ್ ನನ್ನ ಪಕ್ಕೆ ತಿವಿದ. "ಎಣಿಸೋಕೆ ಬಂದಿರೋನು. ಎಲ್ಲ ನೆಟ್ಟಗೆ ಕೂತ್ಕೊಳಿ, ಒಬ್ಬೊಬ್ರೂ ಕಾಣೋ ಹಾಗೆ."

ಎಂಟು ಜನವೂ ಬೆನ್ನು ನೆಟ್ಟಗೆ ಮಾಡಿ ಪೆತ್ರಾನಿಯವರೆಗೆ ಕೂತೆವು. ಕಲ್ಲಿಯೋಪಿ ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡಳು, ಅವನು ಮರೆಯಬಾರದೆಂದು. ಇಳಿದ ಮೇಲೆ ತಿಳಿಯಿತು, ಅವನು ಆಡುಗಳಿಗೆ ಚುಚ್ಚುಮದ್ದು ಹಾಕುವವನು.

ಗುರುವಾರ ಮಾಮಾಸನ ಗುಡಿಯ ತಿರುವಿನಲ್ಲಿ ರಸ್ತೆಗೆ ಆಡುಗಳ ಹಿಂಡು ಅಡ್ಡ ಬಂತು. ಬಸ್ಸು ನಿಂತಿತು. ಅಂದು ನಾನು ಮುಂದಿನ ಸೀಟಿನಲ್ಲಿದ್ದೆ. ಯಾಕುಮಿಸ್ ಸುಮ್ಮನಿರಲಾರದೆ ಟಿಕೆಟ್ ಯಂತ್ರದ ಗುಂಡಿ ಒತ್ತಿ ಒಂದು ಚೀಟಿ ಹರಿದ. ಅದೇ ತರದ ಮೂರು ಚೀಟಿಗಳನ್ನು ಗಾಜಿನ ಕೆಳಗೆ ಸಿಕ್ಕಿಸಿದ್ದ. ನಾನು ಶಾಲೆಗೆ ಹೋದದ್ದು ಎರಡು ಚಳಿಗಾಲ. ಅಕ್ಷರ ಕೂಡಿಸುವುದು ನಿಧಾನ, ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ಒಂದು, ಎರಡು, ಮೂರು ಎಂದಿತ್ತು ಆ ಚೀಟಿಗಳಲ್ಲಿ. ಅವನ ಕೈಯಲ್ಲಿದ್ದುದರಲ್ಲಿ ಎರಡು.

"ಈ ಚೀಟಿ ಯಾತಕ್ಕೆ?" ಎಂದೆ.

"ದಿನದ ಟಿಕೆಟ್ ಲೆಕ್ಕ, ಕಚೇರಿಗೆ ಕೊಡಬೇಕು. ಇದು ಎಣಿಕೆ ವಾರ ಅಲ್ವಾ ಬೀಗರೇ." ಆಡುಗಳ ಕಡೆ ನೋಡುತ್ತಲೇ ಹೇಳಿದ. "ಈ ಬಸ್ಸು ಹೋಗುತ್ತೆ, ನೋಡ್ತಾ ಇರಿ. ನಾನೇನ್ಮಾಡ್ಲಿ? ಟಿಕೆಟ್ ತಗೊಳ್ಳೋರೇ ಇಲ್ಲ."

ಆಗ ನನಗೆ ತಿಳಿಯಿತು. ಕಚೇರಿಯವರು ತಲೆ ಎಣಿಸುವುದಿಲ್ಲ, ಟಿಕೆಟ್ ಎಣಿಸುತ್ತಾರೆ. ಇಷ್ಟು ಸಣ್ಣ ವಿಷಯ ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ಯಾಕುಮಿಸ್, ಎಂಟು ಟಿಕೆಟ್ ಹರಿ," ಎಂದೆ.

ಅವನು ತಿರುಗಿದ. ಮುಖದಲ್ಲಿ ಇನ್ನೂ ನಗು ಇತ್ತು. "ಏನಂದ್ರಿ?"

"ನಮಗೆ ಎಂಟು ಟಿಕೆಟ್ ಹರಿ. ದುಡ್ಡು ತಗೋ."

"ನಾನೇನು ತಪ್ಪು ಮಾಡ್ದೆ ಬೀಗರೇ?"

"ತಪ್ಪು ನಿಂದಲ್ಲ." ಆಮೇಲೆ ಎಲ್ಲ ಹೇಳಿದೆ. ಮರೂಸೊಳ ಅಂಗಡಿ, ಪಿರೇಯಸ್ಸು, ಸೋಮವಾರದಿಂದ ಬೆಟ್ಟ ಇಳಿದದ್ದು. ಅವನಿಗೆ ಯಾಕೆ ಹೇಳಲಿಲ್ಲ ಎನ್ನುವುದನ್ನೂ ಹೇಳಿದೆ. ಅದನ್ನು ಹೇಳದೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ.

ಆಡುಗಳು ದಾಟಿ ಹೋದವು. ಅವನು ಬಸ್ಸು ಹೊರಡಿಸಲಿಲ್ಲ.

"ನಾಲ್ಕು ದಿನ," ಎಂದ. "ನಾಲ್ಕು ದಿನದಿಂದ ಡಾಕ್ಟ್ರು ಡಾಕ್ಟ್ರು ಅಂತ ನನ್ನ ಮುಂದೆ ನಾಟಕ ಆಡಿದ್ರಿ. ನನ್ನ ಮಗಳನ್ನ ಕೈಯಲ್ಲಿ ಹಿಡಿದೋರು ನೀವು. ಅಂದ್ರೆ ನಾನು ಕಚೇರಿಯೋನು, ಅಲ್ವಾ?"

"ಹಾಗಲ್ಲ ಮಾರಾಯ," ಎಂದ ಪ್ರೊಕೋಪಿಸ್.

"ನೀನು ಸುಮ್ನಿರು."

ಯಂತ್ರ ಎಂಟು ಸಲ ಕಿರುಗುಟ್ಟಿತು. ಒಂದೊಂದೇ ಟಿಕೆಟ್ ಹರಿದು ಹಿಂದಕ್ಕೆ ಚಾಚಿದ. ದುಡ್ಡು ಎಣಿಸಿ ತೆಗೆದುಕೊಂಡು ಚಿಲ್ಲರೆ ಕೊಟ್ಟ. ನಮ್ಮ ಯಾರ ಮುಖವನ್ನೂ ನೋಡಲಿಲ್ಲ.

ಹಿಂದಿನ ಮೂರು ದಿನದ ಆರು, ಅಂದಿನ ಹತ್ತು. ಇನ್ನು ಎರಡು ದಿನದಲ್ಲಿ ಇಪ್ಪತ್ತು ಆಗಬೇಕು. ಶುಕ್ರವಾರ ಹನ್ನೆರಡು ಆಯಿತು. ಪಾದ್ರಿಗಳೂ ನಿಲುವಂಗಿ ಎತ್ತಿಕೊಂಡು ಇಳಿದರು. ಯಾಕುಮಿಸ್ ಅವರಿಗೂ ಟಿಕೆಟ್ ಹರಿದ.

ಶನಿವಾರಕ್ಕೆ ಉಳಿದದ್ದು ಎಂಟು. ಬೆಳಿಗ್ಗೆ ಮಳೆ ಹಿಡಿಯಿತು. ಕಲ್ಲಿಯೋಪಿಗೆ ಏಳಲಾಗಲಿಲ್ಲ, ಪಾದ್ರಿಗಳಿಗೆ ಜ್ವರ. ಮಳೆಯಲ್ಲಿ ಆ ಹಾಸುಗಲ್ಲು ಸೋಪಿನ ಹಾಗೆ ಜಾರುತ್ತದೆ. ಏಳು ಜನ ಸೇರಿದೆವು. ಎಂಟನೆಯವರು ಲಿಮ್ನಾರಿಯಲ್ಲಿ ಯಾರಾದರೂ ಸಿಕ್ಕಾರು ಎಂದುಕೊಂಡು ಹೊರಟೆವು. ಪ್ರೊಕೋಪಿಸ್ ಎರಡು ಸಲ ಬಿದ್ದ. ಮೂರು ಗಂಟೆ ಹಿಡಿಯಿತು.

ಲಿಮ್ನಾರಿಯಲ್ಲಿ ಯಾರೂ ಸಿಗಲಿಲ್ಲ. ಮಳೆಗೆ ಅಂಗಡಿಗಳೂ ಮುಚ್ಚಿದ್ದವು. ಏಳು ಟಿಕೆಟ್ ತೆಗೆದುಕೊಂಡು ಕೂತೆವು. ಹನ್ನೆರಡಾಯಿತು. ಯಾಕುಮಿಸ್ ಎಂಜಿನ್ ಶುರು ಮಾಡಿದ. ಹೊತ್ತಿನ ವಿಷಯದಲ್ಲಿ ಅವನು ಯಾರ ಮಾತೂ ಕೇಳುವವನಲ್ಲ. ಒಮ್ಮೆ ತನ್ನ ಹೆಂಡತಿಯನ್ನೇ ನಿಲ್ದಾಣದಲ್ಲಿ ಬಿಟ್ಟು ಹೊರಟಿದ್ದ.

ಗಾಜು ಒರೆಸುವ ಕಡ್ಡಿ ಆಡುತ್ತಿತ್ತು. ಬಸ್ಸು ಕದಲಲಿಲ್ಲ. ಅವನು ಬೆಟ್ಟದ ಕಡೆ ನೋಡುತ್ತಿದ್ದ. ನಾನೂ ನೋಡಿದೆ. ಕೊನೆಯ ತಿರುವಿನಲ್ಲಿ, ಆಲಿವ್ ಮರಗಳ ಕೆಳಗೆ, ಯಾರೋ ಇಳಿಯುತ್ತಿದ್ದರು. ಕೂತು ಜಾರಿ, ಎದ್ದು, ಮತ್ತೆ ಕೂತು ಜಾರಿ.

ಮರೂಸೊ.

ಅವಳು ಪಟ್ಟಣದ ಕಡೆಯಿಂದ ಮದುವೆಯಾಗಿ ಬಂದವಳು. ಆ ದಾರಿಯನ್ನು ಸಾವಿರ ಸಲ ಹೊರಗಿನವರಿಗೆ ಹೇಳಿದ್ದಳು, ಒಂದು ಸಲವೂ ಇಳಿದಿರಲಿಲ್ಲ. ಬಸ್ಸಿನ ಬಾಗಿಲಿಗೆ ಬರುವಾಗ ಸೊಂಟದವರೆಗೆ ಕೆಸರು, ಒಂದು ಕಾಲಿನಲ್ಲಿ ಬೂಟು ಇಲ್ಲ. ಹನ್ನೆರಡು ಗಂಟೆ ಹನ್ನೊಂದು ನಿಮಿಷ ಆಗಿತ್ತು.

"ಏಳೇ ಜನ ಇಳಿದ್ರು ಅಂತ ಕಲ್ಲಿಯೋಪಕ್ಕ ಕಿಟಕಿಯಿಂದ ಕೂಗಿ ಹೇಳಿದ್ಳು," ಎಂದಳು ಏದುಸಿರಿನಲ್ಲಿ. "ಒಂದು ಟಿಕೆಟ್, ಪೆತ್ರಾನಿಗೆ."

ಯಾಕುಮಿಸ್ ಹರಿದು ಕೊಟ್ಟ. "ಬೂಟು ಎಲ್ಲಿ ಬಿತ್ತು?"

"ಹಳ್ಳದ ಹತ್ರ."

"ಕೂತ್ಕೋ."

ದಾರಿಯಲ್ಲಿ ಅವನು ಬಿಸಿಗಾಳಿಯನ್ನು ಅವಳ ಸೀಟಿನ ಕಡೆ ತಿರುಗಿಸಿದ್ದನ್ನು ನೋಡಿದೆ.

ಮಾರ್ಚ್‌ನಲ್ಲಿ ಕಚೇರಿಯ ಕಾಗದ ಬಂತು. ಮಧ್ಯಾಹ್ನದ ಬಸ್ಸು ಇರುತ್ತದೆ. ಏಪ್ರಿಲ್‌ನಲ್ಲಿ ಕೋಲು ಹಿಡಿದವರು ಬಂದರು. ಮರೂಸೊ ಮೊಟ್ಟೆ ಒಡೆದು ಬಾಣಲೆಗೆ ಹಾಕಿದಳು. ಪಿರೇಯಸ್ಸಿನ ಮಂಚ ಮಡಚಿಯೇ ಉಳಿಯಿತು.

ಯಾಕುಮಿಸ್ ಈಗಲೂ ನಮಗೆಲ್ಲ ಟಿಕೆಟ್ ಹರಿಯುತ್ತಾನೆ. ಎಣಿಕೆ ವಾರ ಮುಗಿದ ಮೇಲೆ ನಿಲ್ಲಿಸುತ್ತಾನೆ ಎಂದುಕೊಂಡಿದ್ದೆವು. ನಿಲ್ಲಿಸಲಿಲ್ಲ. ನನ್ನನ್ನು ಈಗ ಬೀಗರೇ ಎನ್ನುವುದಿಲ್ಲ, ಹೆಸರು ಹಿಡಿದು ನಿಕೀತಾಸ್ ಅವರೇ ಎನ್ನುತ್ತಾನೆ. ಒಳ್ಳೆಯ ಮಾತಿನಲ್ಲೇ ಎನ್ನುತ್ತಾನೆ. ನಾನು ಒಮ್ಮೆ ಅವನ ಮನೆಗೆ ಹೋಗಿ, ತಪ್ಪಾಯಿತು ಎಂದೆ. ಕುರ್ಚಿ ಕೊಟ್ಟ, ಲೋಟಕ್ಕೆ ರಾಕಿ ಸಾರಾಯಿ ಸುರಿದ, ಮಗಳ ಸುದ್ದಿ ಹೇಳಿದ. ಹೊರಡುವಾಗ, "ಬಸ್ಸು ಉಳೀತಲ್ಲ ನಿಕೀತಾಸ್ ಅವರೇ, ಬಿಡಿ," ಎಂದ.

ಮಧ್ಯಾಹ್ನ ಬಸ್ಸು ನಿಲ್ಲಿಸಿ ಅವನು ಮರೂಸೊಳ ಅಂಗಡಿಯಲ್ಲಿ ಕಾಫಿ ಕುಡಿಯುತ್ತಾನೆ, ಬಾಗಿಲ ಹತ್ತಿರದ ಮೇಜಿನಲ್ಲಿ. ಚಾಲಕನಿಂದ ಕಾಫಿಯ ದುಡ್ಡು ನಮ್ಮೂರಲ್ಲಿ ಯಾರೂ ಎಂದೂ ತೆಗೆದುಕೊಂಡಿರಲಿಲ್ಲ. ಆ ಏಪ್ರಿಲ್‌ನಲ್ಲಿ ಮೊದಲ ಸಲ ಅವನು ನಾಣ್ಯಗಳನ್ನು ತಟ್ಟೆಯ ಪಕ್ಕ ಇಟ್ಟ. ಮರೂಸೊ ಅವನ ಕಡೆಗೆ ಸರಿಸಿದಳು. ಅವನು ಮತ್ತೆ ಅವಳ ಕಡೆಗೆ ಸರಿಸಿದ. ಹೊರಗಿನವರು ನಾಲ್ಕು ಜನ ಬೂಟಿನ ದಾರ ಕಟ್ಟಿಕೊಳ್ಳುತ್ತಾ ಇದನ್ನು ನೋಡುತ್ತಿದ್ದರು. ಮೂರನೆಯ ಸಲ ಅವಳು ನಾಣ್ಯಗಳನ್ನು ಎತ್ತಿ ಏಪ್ರನ್ ಜೇಬಿಗೆ ಹಾಕಿಕೊಂಡಳು. ಹಾಕಿಕೊಳ್ಳದಿದ್ದರೆ, ನಮ್ಮ ಮನೆಗಳಿಗೆ ಬರುವುದನ್ನು ಬಿಟ್ಟಂತೆ, ಅವನು ಅಲ್ಲಿಗೂ ಬರುತ್ತಿರಲಿಲ್ಲ.