ಕೈ ಕಟ್ಟಿ ಕೂತ ನಲವತ್ತು ನಿಮಿಷ

ಶಿಶುವಿಹಾರದಲ್ಲಿ ಮಕ್ಕಳು, ಮಕ್ಕಳ ತಂದೆತಾಯಿ, ಕೊನೆಗೆ ಮುಖ್ಯಸ್ಥೆ ಕೂಡ ಆಕೆಯನ್ನು ಕರೆಯುತ್ತಿದ್ದದ್ದು ದೊಡ್ಡಮ್ಮ ಎಂದೇ. ಹತ್ತೊಂಬತ್ತು ವರ್ಷ ಆಯಾ ಆಗಿ ದುಡಿದವಳು. ಮೂಗು ಒರೆಸುವುದರಲ್ಲಿ, ಷೂ ತೊಡಿಸುವುದರಲ್ಲಿ, ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡೇ ಚೆಲ್ಲಿದ ಹಾಲು ಒರೆಸುವುದರಲ್ಲಿ ಎತ್ತಿದ ಕೈ. ಇಂಥವಳಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಕಾಲೇಜಿನ ಬೆಂಚಿನ ಮೇಲೆ ಕೂರುವ ಯೋಗ ಬಂತು. ಸರ್ಟಿಫಿಕೇಟ್ ಇಲ್ಲದವರು ಮುಂದಿನ ವರ್ಷದಿಂದ ಮಕ್ಕಳ ಕೋಣೆಯಲ್ಲಿ ಇರುವಂತಿಲ್ಲ, ಬೇಕಿದ್ದರೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಬಹುದು ಎಂದು ಹೊಸ ನಿಯಮ ಬಂದಿತ್ತು. ಪಾತ್ರೆಗಳ ಮೇಲೆ ದೊಡ್ಡಮ್ಮನಿಗೆ ದ್ವೇಷವೇನಿಲ್ಲ. ಆದರೆ ಅವು ಬೆಳಿಗ್ಗೆ ಓಡಿಬಂದು ಸೀರೆ ಹಿಡಿದು ಎಳೆಯುವುದಿಲ್ಲವಲ್ಲ.

ಬೆಳವಣಿಗೆಯ ಹಂತಗಳು, ಆಟದ ಯೋಜನೆ, ಪ್ರಥಮ ಚಿಕಿತ್ಸೆ ಎಲ್ಲದರಲ್ಲೂ ಆಕೆ ಹೇಗೋ ಪಾರಾದಳು. ಸಿಕ್ಕಿಬಿದ್ದದ್ದು ಎಲ್ಲಕ್ಕಿಂತ ಸುಲಭವೆಂದು ನಕ್ಕಿದ್ದ ‘ಮಗುವಿನ ವೀಕ್ಷಣೆ’ಯಲ್ಲಿ. ಮೂಲೆಯಲ್ಲಿ ಕೂತು ಒಂದು ಮಗುವನ್ನು ನಲವತ್ತು ನಿಮಿಷ ನೋಡಬೇಕು, ಅದು ಏನು ಮಾಡಿತು ಎಂಬುದನ್ನು ನಿಮಿಷ ಹಾಕಿ ಬರೆಯಬೇಕು. ಅದು ಎಂಥ ಮಗು ಎಂದು ಬರೆಯುವಂತಿಲ್ಲ. ಅಪಾಯವಿಲ್ಲದಿದ್ದರೆ ಮಾತಾಡುವಂತಿಲ್ಲ, ಕೈ ಹಾಕುವಂತಿಲ್ಲ. ಮೊದಲ ಸಲ ದೊಡ್ಡಮ್ಮ, ‘ಇವನು ಮಹಾ ಹಠಮಾರಿ, ಅಜ್ಜಿಯ ಮುದ್ದು ಜಾಸ್ತಿಯಾಗಿದೆ’ ಎಂದು ಬರೆದಳು. ಆಕೆಯ ಮಗಳ ವಯಸ್ಸಿನ ಉಪನ್ಯಾಸಕಿ ಕಾಗದ ಹಿಂದಿರುಗಿಸುತ್ತಾ, ಆ ಅಜ್ಜಿ ಕೋಣೆಯಲ್ಲಿದ್ದರೇ ಎಂದು ಮೆಲ್ಲಗೆ ಕೇಳಿದಳು. ಎರಡನೆಯ ಸಲ ದೊಡ್ಡಮ್ಮ ಅಳೆದು ತೂಗಿ ಬರೆದಳು. ಆದರೆ ಹನ್ನೆರಡನೆಯ ನಿಮಿಷಕ್ಕೆ ಒಂದು ಮೂಗು ಸೋರುವುದು ಕಂಡಿತು, ತನಗೇ ಗೊತ್ತಾಗುವ ಮೊದಲು ಎದ್ದು ಒರೆಸಿಬಿಟ್ಟಿದ್ದಳು. ಉಳಿದದ್ದು ಒಂದೇ ಅವಕಾಶ.

ಮೂರನೆಯ ವೀಕ್ಷಣೆಗೆ ಉಪನ್ಯಾಸಕಿ ತಾನೇ ಶಿಶುವಿಹಾರಕ್ಕೆ ಬಂದು ಬಾಗಿಲ ಪಕ್ಕ ಕೂತಳು. ಮಗುವನ್ನು ಆರಿಸಿದ್ದೂ ಅವಳೇ. ಅದು ಗುಬ್ಬಿ.

ನಾಲ್ಕು ವರ್ಷದ ಗುಬ್ಬಿ ಬಾಯಿಬಿಟ್ಟು ಎರಡು ಮಾತಾಡಿದ್ದನ್ನು ಅಲ್ಲಿ ಕೇಳಿದವರಿಲ್ಲ. ಮಗು ಸ್ವಲ್ಪ ಮಂದ ಎಂದು ದೊಡ್ಡಮ್ಮ ಯಾವತ್ತೋ ತೀರ್ಮಾನಿಸಿದ್ದಳು. ತೀರ್ಮಾನ ಮನಸ್ಸಿನಲ್ಲೇ ಉಳಿದಿದ್ದರೆ ಬೇರೆ ಮಾತು. ಹೋದ ತಿಂಗಳು ಮುಖ್ಯಸ್ಥೆ ಕೇಳಿದಾಗ ಗುಬ್ಬಿಯ ತಾಯಿಯ ಎದುರಿಗೇ ಹಾಗೆಂದಿದ್ದಳು. ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುವ ಆ ತಾಯಿ ತಲೆ ತಗ್ಗಿಸಿದ್ದಳು. ದೊಡ್ಡಮ್ಮನ ಮಾತಿಗೆ ಅಲ್ಲಿ ಅಷ್ಟು ತೂಕ. ಜೊತೆಯವರೆಲ್ಲ ದೊಡ್ಡ ಕೋಣೆಗೆ ಹೋಗುವಾಗ ಗುಬ್ಬಿ ಚಿಕ್ಕವರ ಜೊತೆಯಲ್ಲೇ ಇನ್ನೊಂದು ವರ್ಷ ಉಳಿಯುವುದೆಂದು ಆಯಿತು.

ಮಕ್ಕಳು ಅಂಗಳಕ್ಕೆ ಹೊರಡುವ ಹೊತ್ತು. ಹೊರಗೆ ಚಳಿ. ದಿನವೂ ದೊಡ್ಡಮ್ಮ ಸಾಲಾಗಿ ನಿಲ್ಲಿಸಿ ಅರ್ಧ ನಿಮಿಷಕ್ಕೊಬ್ಬರಂತೆ ಸ್ವೆಟರಿನ ಗುಂಡಿ ಹಾಕಿ ಮುಗಿಸುತ್ತಿದ್ದಳು. ಇವತ್ತೂ ಗುಬ್ಬಿ ಬಂದು ಗದ್ದ ಎತ್ತಿ ನಿಂತಳು. ದೊಡ್ಡಮ್ಮ ಎಡಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡು, ಬಲಗೈಯಲ್ಲಿ ಪೆನ್ಸಿಲನ್ನು ಹಗ್ಗದಂತೆ ಹಿಡಿದುಕೊಂಡಳು. ಗುಬ್ಬಿ ಕಾದಳು. ಆಮೇಲೆ ಕಿಟಕಿಯ ಕೆಳಗೆ ಹೋಗಿ ಚಾಪೆಯ ಮೇಲೆ ಕೂತಳು.

‘ಆರನೆಯ ನಿಮಿಷ. ಕುತ್ತಿಗೆಯ ಗುಂಡಿಯನ್ನು ಎರಡನೆಯ ಕಾಜಕ್ಕೆ ತೂರಿಸಿದಳು.’ ಅದು ತಪ್ಪು ಕಾಜ, ಪುಟ್ಟಾ, ಎಂಬ ಮಾತು ದೊಡ್ಡಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತು. ಬಾಯಿಗೆ ಬೀಗ ಹಾಕಿಕೊಂಡಳು. ಒಂದೊಂದು ಗುಂಡಿಗೂ ಗುಬ್ಬಿಯ ನಾಲಿಗೆ ಹೊರಗೆ ಬಂದು ಒಳಗೆ ಹೋಗುತ್ತಿತ್ತು. ನಾಲ್ಕು ಗುಂಡಿ ಮುಗಿದು ಐದನೆಯದು ಕಾಜವಿಲ್ಲದೆ ಕೆಳಗೆ ನೇತಾಡಿತು.

‘ಹದಿಮೂರನೆಯ ನಿಮಿಷ. ಉಳಿದ ಗುಂಡಿಯನ್ನು ನೋಡಿದಳು. ಬೆರಳನ್ನು ಒಂದೊಂದೇ ಕಾಜದ ಮೇಲೆ ಇಡುತ್ತಾ ಮೇಲಕ್ಕೆ ಬಂದಳು. ಕುತ್ತಿಗೆಯ ಖಾಲಿ ಕಾಜದೊಳಗೆ ಬೆರಳು ತೂರಿಸಿದಳು. ಹಾಗೇ ಕೂತಳು.’

ಅಳುತ್ತಾಳೆ ಎಂದುಕೊಂಡಳು ದೊಡ್ಡಮ್ಮ. ಗುಬ್ಬಿ ಅಳಲಿಲ್ಲ. ನಾಲ್ಕೂ ಗುಂಡಿ ಬಿಚ್ಚಿದಳು.

‘ಹದಿನಾರನೆಯ ನಿಮಿಷ. ಸ್ವೆಟರಿನ ಕೆಳಗಿನ ಎರಡು ಅಂಚುಗಳನ್ನು ಸಮ ಮಾಡಿ ಹಿಡಿದಳು. ಕೆಳಗಿನ ಗುಂಡಿಯಿಂದ ಶುರು ಮಾಡಿದಳು.’

ಕೆಳಗಿನಿಂದ ಹಾಕಿದರೆ ತಪ್ಪುವುದಿಲ್ಲ ಎಂದು ಈ ಮಗುವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡಮ್ಮನಿಗೂ ಯಾರೂ ಹೇಳಿರಲಿಲ್ಲ, ಹತ್ತೊಂಬತ್ತು ವರ್ಷ ಮೇಲಿನಿಂದಲೇ ಹಾಕಿದವಳು ಆಕೆ. ತಪ್ಪು ಎಲ್ಲಾಯಿತೆಂದು ಹುಡುಕಿ, ಅದು ಇನ್ನೊಮ್ಮೆ ಆಗದ ದಾರಿಯನ್ನೂ ಕಂಡುಕೊಳ್ಳುವ ಇಷ್ಟು ದೊಡ್ಡ ಯೋಚನೆ, ಅಂಗೈಯಗಲದ ಆ ತಲೆಯಲ್ಲಿ, ತನ್ನ ಕಣ್ಣೆದುರಿಗೇ ನಡೆದುಹೋಗಿತ್ತು. ಆಕೆ ಎದ್ದು ಹೋಗಿ ಗುಂಡಿ ಹಾಕಿಬಿಟ್ಟಿದ್ದರೆ ಅದು ನಡೆಯುತ್ತಲೇ ಇರಲಿಲ್ಲ.

ಇಪ್ಪತ್ತೈದನೆಯ ನಿಮಿಷಕ್ಕೆ ಐದೂ ಗುಂಡಿ ಕೂತವು. ಅಷ್ಟರಲ್ಲಿ ಪಕ್ಕದಲ್ಲಿ ಗುಬ್ಬಿಗಿಂತ ಚಿಕ್ಕವನೊಬ್ಬ ಸ್ವೆಟರ್ ಎಳೆದಾಡುತ್ತಾ ಅಳಲು ಶುರು ಮಾಡಿದ್ದ. ಗುಬ್ಬಿ ಅವನ ಮುಂದೆ ಮಂಡಿಯೂರಿದಳು. ಗುಂಡಿ ಹಾಕಿಕೊಡಲಿಲ್ಲ. ಕೆಳಗಿನ ಅಂಚುಗಳನ್ನು ಸಮವಾಗಿ ಹಿಡಿದುಕೊಂಡು ಸುಮ್ಮನಿದ್ದಳು. ಅವನು ಮೂರು ಸಲ ತಪ್ಪಿದ. ಗುಬ್ಬಿ ಕಾದಳು. ನಾಲ್ಕನೆಯ ಸಲಕ್ಕೆ ಗುಂಡಿ ಒಳಗೆ ಹೋಯಿತು.

ದೊಡ್ಡಮ್ಮನಿಗೆ ಅಕ್ಷರಗಳು ಮಂಜಾದವು. ಕಾಲೇಜು ಎಂಟು ತಿಂಗಳಿಂದ ತನಗೆ ಕಲಿಸಲು ಹೆಣಗಿದ್ದನ್ನು ಈ ಮಗು ಮಂಡಿಯೂರಿ ಮಾಡಿ ತೋರಿಸಿತ್ತು. ಕಣ್ಣೊರೆಸಿಕೊಂಡು ಅದನ್ನೂ ಬರೆದಳು, ಮಾಡಿದ್ದನ್ನಷ್ಟೇ.

ಹಾಳೆಯ ಕೊನೆಯಲ್ಲಿ ವೀಕ್ಷಕರ ಅಭಿಪ್ರಾಯಕ್ಕೆ ಎರಡು ಸಾಲು ಜಾಗವಿತ್ತು. ದೊಡ್ಡಮ್ಮ ಬರೆದಳು: ‘ಎರಡು ವರ್ಷ ಈ ಮಗುವಿನ ಗುಂಡಿ ನಾನೇ ಹಾಕಿದ್ದೇನೆ. ಆಮೇಲೆ ಮಗು ಮಂದ ಎಂದು ನಾನೇ ಹೇಳಿದ್ದೇನೆ. ಅದು ತಪ್ಪು. ಗುಬ್ಬಿಯನ್ನು ದೊಡ್ಡ ಕೋಣೆಗೆ ಕಳಿಸಬೇಕು.’

ಉಪನ್ಯಾಸಕಿ ನಿಂತೇ ಓದಿದಳು. ಎರಡು ಸಲ ಓದಿದಳು. ವೀಕ್ಷಣೆಯಲ್ಲಿ ಒಂದು ಅಕ್ಷರವನ್ನೂ ತಿದ್ದಬೇಕಿಲ್ಲ, ಪಾಸಾದಿರಿ ಎಂದಳು. ಆಮೇಲೆ ದನಿ ತಗ್ಗಿಸಿದಳು.

“ಈ ಕೊನೇ ಮಾತು ಫೈಲಲ್ಲಿ ಉಳ್ಕೊಳ್ಳುತ್ತೆ, ಮುಖ್ಯಸ್ಥರೂ ಓದ್ತಾರೆ. ನಿಮಗೆ ಕಷ್ಟ ಆದ್ರೆ ಅದೊಂದನ್ನ ಬಿಟ್ಟುಬಿಡಬಹುದು.”

“ಇರಲಿ ಬಿಡಮ್ಮ. ಸಂಜೆವರೆಗೆ ಈ ಹಾಳೆ ನನ್ನ ಹತ್ರ ಇರಲಿ, ಸಾಕು.”

ಸಂಜೆ ಗೇಟಿನ ಹತ್ತಿರ ದೊಡ್ಡಮ್ಮ ಕಾಗದ ಹಿಡಿದು ಬರುವುದನ್ನು ಕಂಡ ಗುಬ್ಬಿಯ ತಾಯಿ ಚೀಲ ಕೆಳಗಿಟ್ಟು, ಇನ್ನೊಂದು ದೂರು ಕೇಳಲು ಸಿದ್ಧಳಾದವಳಂತೆ ನಿಂತಳು. ದೊಡ್ಡಮ್ಮ ತಾನು ಅವತ್ತು ಹೇಳಿದ್ದು ತಪ್ಪೆಂದು ಮೊದಲು ಹೇಳಿದಳು. ಆಮೇಲೆ ಓದತೊಡಗಿದಳು, ನಿಮಿಷ ನಿಮಿಷವಾಗಿ, ಕೊನೆಯ ಸಾಲಿನವರೆಗೂ. ಮಕ್ಕಳು, ಛತ್ರಿಗಳು, ಸೈಕಲ್ಲುಗಳು ಅವರನ್ನು ಬಳಸಿಕೊಂಡು ಹೋದವು. ತಾಯಿ ಅಲ್ಲಾಡಲಿಲ್ಲ.

“ಕೆಳಗಿಂದ ಶುರು ಮಾಡಿದ್ಲು ಅಂದ್ರಲ್ಲ ದೊಡ್ಡಮ್ಮ, ಅದನ್ನ ಇನ್ನೊಂದ್ಸಲ ಓದ್ತೀರಾ?”

ದೊಡ್ಡಮ್ಮ ಓದಿದಳು. ಇನ್ನೂ ಒಂದು ಸಲ ಕೇಳಿದಾಗ ಮತ್ತೆ ಓದಿದಳು. ಈ ಸಲ ಹದಿನಾರನೆಯ ನಿಮಿಷದ ಸಾಲು ಬರುವ ಹೊತ್ತಿಗೆ ತಾಯಿಯೇ ಅದನ್ನು, ಒಂದಕ್ಷರ ತಪ್ಪದೆ, ಮೊದಲು ಹೇಳಿದಳು.