ಸುಬ್ಬಕ್ಕನ ಸಾಲು

ಮಾದಿ ತಾಳ ಎತ್ತಿಕೊಂಡಳು. ಬಾಯಿ ತೆರೆದಳು. ಪದ ಬರಲಿಲ್ಲ.

ಅಂಗಳದಲ್ಲಿ ಸುಬ್ಬಕ್ಕನನ್ನು ಚಟ್ಟಕ್ಕೆ ಕಟ್ಟಿ ಆಗಿತ್ತು. ಶಿರಾಲಿಯ ಹೆದ್ದಾರಿ ಬದಿ ಮಲ್ಲಿಗೆ ಮಾರುತ್ತಿದ್ದ ಮುದುಕಿ. ಶನಿವಾರ ಸಂಜೆಯಾದರೆ ಕೇರಿಯ ಹೆಂಗಸರಿಗೆ ಭಜನೆಯ ಗುರು. ಹದಿನೆಂಟು ವರ್ಷ ಅವಳು ಸಲಕ್ಕೊಂದು ಬೇರೆ ಮೊದಲ ಸಾಲು ಎತ್ತುವುದು, ಇವರು ಅದೇ ಎರಡನೆಯದನ್ನು ಹೇಳುವುದು. ಓದುಬರಹ ಬಾರದ ಅವಳ ಪದಗಳೆಲ್ಲ ಅವಳ ಗಂಟಲಲ್ಲೇ ಇದ್ದವು. ಒಬ್ಬಳಾದರೂ ಕಲಿತುಕೊಳ್ಳಬಾರದಿತ್ತೇ! ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ನೀರು ಎಲ್ಲಿಂದ ಬರಬೇಕು?

“ಎಂತ ಆತೇ? ಎತ್ತು,” ಎಂದಳು ಪಕ್ಕದ ಮನೆಯ ಬಂಗಾರಿ.

“ಮೊದಲ್ನೇದು ಬರೂದಿಲ್ವೇ. ನಿಂಗೆ ಬತ್ತದ್ಯಾ?”

“ನಂಗೆಲ್ಲಿ? ನೀನೇ ಎತ್ತಬೇಕು ಅಂತ ಅಕ್ಕ ಹೇಳಿದ್ರಲ್ಲ.”

ಸುಬ್ಬಕ್ಕನ ಮಗ ನಾಗೇಶ ಮೊಬೈಲು ತೆಗೆದ. “ಹೊತ್ತಾತು. ಇದ್ರಲ್ಲೇ ಎಂತಾದ್ರೂ ಭಜನೆ ಹಾಕ್ತೆ, ಬಿಡಿ.”

“ಬ್ಯಾಡ ತಮಾ! ಅಕ್ಕನ್ನ ಅಕ್ಕನ ಪದದಲ್ಲೇ ಕಳಸೂದು,” ಮಾದಿ ಚೀರಿದಳು.

*

ಗಂಡ ತೆಂಗಿನ ಮರದಿಂದ ಬಿದ್ದು ಸತ್ತ ವರ್ಷ ಮಾದಿ ಮೂರು ತಿಂಗಳು ಮಾತೇ ಆಡಿರಲಿಲ್ಲ. ಸುಬ್ಬಕ್ಕ ಬಂದು ಕೈಗೆ ತಾಳ ಕೊಟ್ಟಿದ್ದಳು. “ಅಳೂಕೆ ಬರ್ದಿದ್ರೆ ಕುಟ್ಟು.” ಕುಟ್ಟಿದಳು. ಅಳು ಬಂತು, ಅದರ ಹಿಂದೆಯೇ ಹಾಡೂ ಬಂತು. ಆ ಋಣ ಮರೆಯುವವಳಲ್ಲ ಮಾದಿ.

ಕಳೆದ ಮಳೆಗಾಲ ಸುಬ್ಬಕ್ಕ ಹಾಸಿಗೆ ಹಿಡಿದಳು. ದಿನಾ ಕರೆಯುವಳು. “ಬಾರೇ, ಮೊದಲ್ನೇ ಸಾಲು ಹೇಳಿಕೊಡ್ತೆ. ನಾ ಹೋಗೂ ದಿನ ನೀನೇ ಎತ್ತಿ ಕಳಸ್ಬೇಕು.”

“ಥೋ, ಎಂತ ಮಾತು ಅಕ್ಕಾ! ನಿಮಗೆಂತ ಆಗೂದಿಲ್ಲ,” ಎಂದು ಮಾದಿ ಗಂಜಿ ಕುಡಿಸಿ ಎದ್ದು ಬರುತ್ತಿದ್ದಳು. ತಾನು ಕಲಿತುಬಿಟ್ಟರೆ ಅಕ್ಕ ಹೊರಟೇಬಿಡುತ್ತಾಳೆ ಎಂದು ಅವಳಿಗೆ ಹೆದರಿಕೆ.

*

ಚಟ್ಟ ಎತ್ತಿದರು. ಹೆಂಗಸರು ಹೋಗುವುದು ಬೇಲಿಬಾಗಿಲಿನ ದಣಪೆಯವರೆಗೆ ಮಾತ್ರ. ಅಷ್ಟು ದೂರ ಸವೆಯಲು ಎಷ್ಟು ಹೊತ್ತು ಬೇಕು! ಮಾದಿ ತಾಳ ಕುಟ್ಟಿದಳು. ಮೊದಲ ಸಾಲಿಗೆ ಬೇಕಾದ ಎಂಟು ಪೆಟ್ಟು, ಬಾಯಿ ಮುಚ್ಚಿಕೊಂಡೇ. ಆಮೇಲೆ ಹಾಡಿದಳು: “ಕೈ ಬಿಡಬ್ಯಾಡ ಸ್ವಾಮಿ, ಕೈ ಬಿಡಬ್ಯಾಡ.”

ಬಂಗಾರಿಗೆ ಅರ್ಥವಾಯಿತು. ಮುಂದಿನ ಸಲ ಎಲ್ಲರೂ ಎಂಟು ಪೆಟ್ಟು ಸುಮ್ಮನಿದ್ದು ಎರಡನೆಯದನ್ನು ಹೇಳಿದರು. ನಾಗೇಶ ಮೊಬೈಲನ್ನು ಜಗಲಿಯ ಮೇಲಿಟ್ಟು, ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ.

ಚಟ್ಟ ದಣಪೆ ದಾಟಿ ಹೊಳೆಯ ಕಡೆ ತಿರುಗಿ ಮರೆಯಾಯಿತು. ಹೆಂಗಸರು ಬೇಲಿಯ ಈಚೆಯೇ ನಿಂತು, ಮತ್ತೆ ಎಂಟು ಪೆಟ್ಟು ತಾಳ ಕುಟ್ಟುತ್ತ, ಅಕ್ಕ ಮೊದಲ ಸಾಲು ಎತ್ತಲೆಂದು ಕಾದರು.